ಮಳೆ ನಿಂತ ಮೇಲೆ ಬರುವ ಸಂತರು

ಹೊಸೂರಿನ ಜನವರಿಯ ಬೆಳಗು ಎಂತಹುದೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಎಂಟು ಗಂಟೆಯಾದರೂ ಚಂದ್ರಚೂಡೇಶ್ವರನ ಬೆಟ್ಟ ಮಂಜಿನ ಮುಸುಕನ್ನು ತೆಗೆಯುವುದಿಲ್ಲ. ನನ್ನಂತಹ ಮುದುಕರು ಕಂಬಳಿಯ ಮುಸುಕನ್ನು ತೆಗೆಯುವುದಿಲ್ಲ. ಅಂತಹ ಒಂದು ಬೆಳಗಿನಲ್ಲಿ ಕಾರ್ಕಳದಿಂದ ನನ್ನ ತಂಗಿಯ ಪತ್ರ ಬಂದಿತು. ಮನೆಯಲ್ಲಿ ಮೂರು ದೂರವಾಣಿಗಳಿದ್ದರೂ ಆಕೆ ವರ್ಷಕ್ಕೊಮ್ಮೆ, ಜನವರಿಯಲ್ಲಿ, ಕಾಗದ ಬರೆಯುವುದನ್ನು ಬಿಟ್ಟಿಲ್ಲ. ಪ್ರತಿ ವರ್ಷವೂ ಅದರಲ್ಲಿ ಇರುತ್ತಿದ್ದ ಮಾತು ಒಂದೇ: "ಅಣ್ಣಾ, ಅತ್ತೂರು ಹಬ್ಬ ಬಂತು, ಈ ಸಲವಾದರೂ ಬಾ." ನಾನು ಹೋಗುತ್ತಿರಲಿಲ್ಲ. ಈ ವರ್ಷ ಮಾತ್ರ ಕೊನೆಗೆ ಒಂದು ಸಾಲು ಹೆಚ್ಚಾಗಿತ್ತು: "ಮಂಡಿ ನೋವು. ಸಾಲಿನಲ್ಲಿ ನಿಲ್ಲಲಾರೆ. ನನ್ನ ಬದಲು ನೀನು ನಿಲ್ಲಬೇಕು."

ಈ ಪತ್ರವನ್ನು ಮೊಮ್ಮಗಳ ಕೈಗೆ ಕೊಟ್ಟೆ. ಅವಳು ಎಂಟನೆಯ ತರಗತಿ. ಕಾಗದವನ್ನು ಮೇಲೆ ಕೆಳಗೆ ನೋಡಿ, "ತಾತಾ, ನೀವೇ ಓದಿ" ಎಂದು ಹಿಂದಿರುಗಿಸಿದಳು. ಓದಿದೆ, ಒಂದು ಮಾತೂ ಬಿಡದೆ ತಿಳಿದುಕೊಂಡಳು, ಅಜ್ಜಿಯ ಮಂಡಿಯ ನೋವಿಗೆ ಮರುಗಿದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗೂ ತಮಿಳೂ, ಶಾಲೆಯಲ್ಲಿ ತಮಿಳೂ ಇಂಗ್ಲಿಷೂ. ತಮಿಳುನಾಡಿನಲ್ಲಿ 2006ರ ಕಾಯಿದೆಯು ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿದ ಮೇಲೆ ನಮ್ಮ ಭಾಗದ ಕನ್ನಡ ಮನೆಗಳಲ್ಲಿ ಏನಾಯಿತೆಂಬುದು ಈ ಅಂಕಣದಲ್ಲಿ ಹಲವು ಬಾರಿ ಬಂದಿರುವ ವಿಷಯ. ಅದನ್ನು ಮತ್ತೆ ಹೇಳಲು ಕುಳಿತಿಲ್ಲ. ಅತ್ತೂರಿನ ವಿಷಯ ಹೇಳಲು ಕುಳಿತಿದ್ದೇನೆ. ಆದರೆ ಅವಳು ಕಾಗದವನ್ನು ಹಿಂದಿರುಗಿಸಿದ ಆ ಕ್ಷಣವೇ, ಅವಳನ್ನೂ ಕರೆದುಕೊಂಡು ಹೋಗಬೇಕೆಂದು ನಾನು ನಿಶ್ಚಯಿಸಿದ್ದು.

ತಂಗಿಯ ಹರಕೆಯ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. 1983ರಲ್ಲಿ ಅವಳ ಮಗನಿಗೆ ಮೂರು ವರ್ಷ. ಜ್ವರ ಬಂದು ಹನ್ನೊಂದು ದಿನವಾದರೂ ಇಳಿಯಲಿಲ್ಲ. ವೈದ್ಯರ ಔಷಧ ನಡೆಯುತ್ತಲೇ ಇತ್ತು. ಪಕ್ಕದ ಮನೆಯ ಬಾಯಮ್ಮ, ಆ ಸೀಮೆಯಲ್ಲಿ ಕ್ರೈಸ್ತ ಗೃಹಿಣಿಯರನ್ನು ಹಾಗೆಯೇ ಕರೆಯುವುದು, ಮಗುವಿನ ಹಣೆ ಮುಟ್ಟಿ ನೋಡಿ, "ಅತ್ತೂರಿನ ಸಂತ ಲಾರೆನ್ಸರಿಗೆ ಒಂದು ಕಟ್ಟು ಮೊಂಬತ್ತಿ ಹೇಳಿಕೊಳ್ಳಿ" ಎಂದರಂತೆ. ತಂಗಿ ಹೇಳಿಕೊಂಡಳು. ಜ್ವರ ಇಳಿಯಿತು. ಔಷಧದಿಂದ ಇಳಿಯಿತೋ ಮೊಂಬತ್ತಿಯಿಂದ ಇಳಿಯಿತೋ ಎಂಬ ಚರ್ಚೆಯನ್ನು ನಮ್ಮ ತಂದೆಯವರು ಬಹುಕಾಲ ನಡೆಸಿದರು. ನಮ್ಮ ಮನೆದೇವರನ್ನು ಬಿಟ್ಟು ಪಾದ್ರಿಗಳ ದೇವರಿಗೆ ಹರಕೆಯೇ ಎಂದು ಗೊಣಗಿದರು. ತಂಗಿಯ ಉತ್ತರ ಚುಟುಕಾಗಿತ್ತು: "ಜ್ವರ ಇಳಿಸುವುದು ಯಾರಿಗೆ ಗೊತ್ತಿದ್ದರೇನಪ್ಪಾ, ಇಳಿಯಿತಲ್ಲ." ಒಂದು ವರ್ಷದ ಹರಕೆ ನಲವತ್ತು ವರ್ಷಗಳನ್ನು ದಾಟಿತು. ಆ ಮಗುವಿಗೆ ಈಗ ತಲೆ ನರೆತಿದೆ.

ಬೆಂಗಳೂರಿನಿಂದ ರಾತ್ರಿಯ ಬಸ್ಸು ಹತ್ತಿ ಘಟ್ಟ ಇಳಿದೆವು. ಚಳಿಗಾಲದ ಹಬ್ಬವೆಂದು ನಾನು ಉಣ್ಣೆಯ ಶಾಲನ್ನೂ ಮೊಮ್ಮಗಳಿಗೆ ಕುಲಾವಿಯನ್ನೂ ಒಯ್ದಿದ್ದೆ. ಕಾರ್ಕಳದಲ್ಲಿ ಇಳಿದು ಒಂದು ಗಂಟೆಯೊಳಗೆ ಎರಡೂ ಚೀಲದ ತಳ ಸೇರಿದವು. ಕರಾವಳಿಯ ಜನವರಿಯಲ್ಲಿ ಬೆಳಗಿನ ಇಬ್ಬನಿಯಷ್ಟೇ ಚಳಿ. ಹತ್ತು ಗಂಟೆಗೆ ಬೆವರು. ಗೋಮಟೇಶ್ವರನ ಬೆಟ್ಟವನ್ನು ಹತ್ತಿಸಿ ಮೊಮ್ಮಗಳಿಗೆ ನಲವತ್ತೆರಡು ಅಡಿಯ ಮೂರ್ತಿಯನ್ನು ತೋರಿಸಿದೆ. 1432ರಲ್ಲಿ ವೀರಪಾಂಡ್ಯನು ಅದನ್ನು ನಿಲ್ಲಿಸಿದ ವಿಷಯವನ್ನೂ, ಎದುರಿಗೆ ಕಾಣುವ ಚತುರ್ಮುಖ ಬಸದಿ 1586ರದೆಂಬುದನ್ನೂ ಹೇಳಿದೆ. ಪೇಟೆಯೊಳಗೆ ವೆಂಕಟರಮಣನ ದೇವಾಲಯ. ಅಲ್ಲಿಂದ ಕೆಲವೇ ಕಿಲೋಮೀಟರುಗಳಾಚೆ ಅತ್ತೂರಿನ ಇಗರ್ಜಿ. ಪೋರ್ಚುಗೀಸರ ಮಾತಿನಿಂದ ಕೊಂಕಣಿಗೆ ಬಂದು, ಅಲ್ಲಿಂದ ಕರಾವಳಿಯ ಕನ್ನಡಕ್ಕೂ ಸೇರಿದ ಶಬ್ದ ಇದು. ನಮ್ಮ ಕಡೆ ಯಾರೂ ಬಳಸುವುದಿಲ್ಲ, ಆದರೆ ಬಾಯಿಗೆ ಸೊಗಸಾಗಿದೆ.

ಸಂತ ಲಾರೆನ್ಸರ ಹಬ್ಬದ ದಿನ ಆಗಸ್ಟ್ 10. ಲೋಕದ ಎಲ್ಲ ಕಥೋಲಿಕ ಪಂಚಾಂಗಗಳಲ್ಲಿಯೂ ಅದೇ ದಿನ. ಅತ್ತೂರಿನಲ್ಲಿಯೂ ಆ ದಿನ ಪೂಜೆ ತಪ್ಪುವುದಿಲ್ಲ. ಆದರೆ ಊರು ಕೂಡುವ ಮಹೋತ್ಸವ, ಜನ 'ಸಾಂತ್‌ಮಾರಿ' ಎಂದೂ 'ಅತ್ತೂರು ಜಾತ್ರೆ' ಎಂದೂ ಕರೆಯುವುದು, ಜನವರಿಯ ಉತ್ತರಾರ್ಧದಲ್ಲಿ ಐದು ದಿನ ನಡೆಯುತ್ತದೆ. ಏಕೆಂದು ಭಾವನವರನ್ನು ಕೇಳಿದೆ. ಅವರು ಅಂಗಳದ ಮೂಲೆಯಲ್ಲಿ ಪಾಚಿ ಒಣಗಿ ಕಪ್ಪಾಗಿದ್ದ ಗೋಡೆಯನ್ನು ತೋರಿಸಿ, "ಆಗಸ್ಟಿನಲ್ಲಿ ಇಲ್ಲಿಗೊಮ್ಮೆ ಬನ್ನಿ ಭಾವ, ನೀವೇ ಹೇಳುತ್ತೀರಿ" ಎಂದರು. ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 850 ಮಿಲಿಮೀಟರಿನ ಆಸುಪಾಸು. ಘಟ್ಟದ ಬುಡದ ಆ ಸೀಮೆಯಲ್ಲಿ 4000 ಮಿಲಿಮೀಟರನ್ನು ಮೀರುತ್ತದೆ, ಅದರಲ್ಲಿ ಬಹುಪಾಲು ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ. ಆಗಸ್ಟ್ 10 ಎಂದರೆ ತುಳುವರ ಆಟಿ ತಿಂಗಳು. ಆಟಿಯಲ್ಲಿ ಮದುವೆಯಿಲ್ಲ, ಶುಭಕಾರ್ಯವಿಲ್ಲ. ಹೊಳೆ ತುಂಬಿ ಹರಿಯುತ್ತಿರುತ್ತದೆ, ಹಿಂದಿನ ಕಾಲದಲ್ಲಿ ಕಣಜ ಬರಿದಾಗಿರುತ್ತಿತ್ತು.

ಇದು ಇಗರ್ಜಿಯೊಂದರ ಕಥೆಯಲ್ಲ. ಆ ನಾಡಿನ ಎಲ್ಲ ಉತ್ಸವಗಳ ಕ್ರಮವೇ ಹಾಗೆ. ಬೇಸಗೆಯ ಕೊನೆಯಲ್ಲಿ, ಮೇ ತಿಂಗಳ ನಾಲ್ಕನೆಯ ವಾರದಲ್ಲಿ, ಪತ್ತನಾಜೆ ಎಂಬ ದಿನ ಬರುತ್ತದೆ. ಅಂದಿಗೆ ಭೂತಗಳ ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೇವಾಲಯಗಳ ಉತ್ಸವಮೂರ್ತಿಗಳು ಗರ್ಭಗುಡಿಯೊಳಗೆ ಸೇರುತ್ತವೆ. ಮಳೆ ಮುಗಿದು ಏಣೆಲು ಬೆಳೆಯ ಕೊಯ್ಲಾಗಿ, ದೀಪಾವಳಿ ಕಳೆದ ಮೇಲೆ ಮತ್ತೆ ಎಲ್ಲವೂ ಹೊರಗೆ ಬರುತ್ತವೆ. ರೋಮಿನ ಸಂತರೊಬ್ಬರು ಈ ನಾಡಿಗೆ ಬಂದು ನೆಲೆಸಿದಾಗ ಅವರೂ ಪತ್ತನಾಜೆಗೆ ತಲೆಬಾಗಿದರು. ತಮ್ಮ ಬಲಿದಾನದ ದಿನವನ್ನು ಪಂಚಾಂಗದಲ್ಲಿಯೇ ಬಿಟ್ಟು, ಜನರ ಕಾಲು ಒಣಗಿರುವ ದಿನಕ್ಕೆ ಬಂದರು. ಮತಾಂತರ, ಮತಪ್ರಚಾರ ಎಂದು ದೊಡ್ಡ ಶಬ್ದಗಳಲ್ಲಿ ಮಾತನಾಡುವವರು ಈ ಸಣ್ಣ ಸಂಗತಿಯನ್ನೂ ಗಮನಿಸಿದರೆ ಒಳ್ಳೆಯದೆಂದು ನನಗೆ ತೋರುತ್ತದೆ. ನೆಲ ತನಗೆ ಬಂದವರನ್ನು ಸದ್ದಿಲ್ಲದೆ ತನ್ನ ಋತುವಿಗೆ ಹೊಂದಿಸಿಕೊಂಡಿದೆ.

ಸಂತರು ಯಾರೆಂದು ಮೊಮ್ಮಗಳು ಕೇಳಿದಳು. ತಂಗಿಯೇ ಹೇಳಿದಳು, ನಲವತ್ತು ವರ್ಷ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಕ್ರಿಸ್ತಶಕ 258. ರೋಮಿನ ಚಕ್ರವರ್ತಿ ವಲೇರಿಯನ್ನನ ಕಾಲ. ಕ್ರೈಸ್ತ ಗುರುಗಳನ್ನೂ ಅವರ ಸಹಾಯಕರನ್ನೂ ಕಂಡಲ್ಲಿ ಕೊಲ್ಲಬೇಕೆಂಬ ಆಜ್ಞೆ ಹೊರಟಿತು. ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ಟಸರ ತಲೆ ಉರುಳಿತು. ಅವರ ಬಳಿ ಸೇವಕವರ್ಗದ ಮುಖ್ಯರಾಗಿದ್ದ ಲಾರೆನ್ಸರ ಕೈಯಲ್ಲಿ ಸಭೆಯ ಭಂಡಾರವಿತ್ತು. ಭಂಡಾರವನ್ನು ಒಪ್ಪಿಸೆಂದು ನಗರಾಧಿಕಾರಿ ಗದರಿದಾಗ ಅವರು ಮೂರು ದಿನಗಳ ಅವಧಿ ಕೇಳಿ, ಇದ್ದುದೆಲ್ಲವನ್ನೂ ಹಂಚಿ, ಮೂರನೆಯ ದಿನ ಊರಿನ ಕುಂಟರು, ಕುರುಡರು, ವಿಧವೆಯರು, ಅನಾಥರನ್ನು ಕರೆತಂದು, ಸಭೆಯ ಸಂಪತ್ತು ಇವರೇ ಎಂದರಂತೆ. ಅದಕ್ಕಾಗಿ ಅವರನ್ನು ಕಬ್ಬಿಣದ ಜಾಲಿಯ ಮೇಲೆ ಮಲಗಿಸಿ ಕೆಂಡದಲ್ಲಿ ಸುಟ್ಟರೆಂದು ಪರಂಪರೆ. ಮೂರ್ತಿಗಳಲ್ಲಿ ಅವರ ಕೈಗೆ ಆ ಜಾಲಿಯನ್ನೇ ಕೊಡುತ್ತಾರೆ. ಅಡುಗೆಯವರು ಅವರನ್ನು ತಮ್ಮ ಪಾಲಕರೆಂದು ಭಾವಿಸುತ್ತಾರೆಂದು ಕೇಳಿ ಮೊಮ್ಮಗಳು ಮುಖ ಸಿಂಡರಿಸಿದಳು.

ಕೆಂಡದ ಸಂಗತಿಯನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಅವರೂ ಉಳಿದವರಂತೆ ಕತ್ತಿಗೆ ಬಲಿಯಾದರೆಂದೂ, ಲ್ಯಾಟಿನ್ನಿನಲ್ಲಿ 'ಬಲಿಯಾದನು' ಎಂಬ ಅರ್ಥದ 'ಪಾಸುಸ್' ಎಂಬ ಶಬ್ದವನ್ನು ಪ್ರತಿ ಮಾಡುವವನೊಬ್ಬ ಮೊದಲ ಅಕ್ಷರ ಬಿಟ್ಟು 'ಆಸುಸ್' ಎಂದು ಬರೆದಿರಬಹುದೆಂದೂ ಕೆಲವರ ಊಹೆ. 'ಆಸುಸ್' ಎಂದರೆ 'ಸುಡಲ್ಪಟ್ಟವನು'. ಅಕ್ಷರವೊಂದು ಬಿದ್ದುಹೋದರೆ ಏನೆಲ್ಲ ಆಗಬಹುದು ನೋಡಿ! ತಂಗಿಗೆ ಇದನ್ನು ಹೇಳಲಿಲ್ಲ. ಬಡವರನ್ನು ಸಾಲಾಗಿ ನಿಲ್ಲಿಸಿದ ಕಥೆಯಂತೂ ನಾಲ್ಕನೆಯ ಶತಮಾನದ ಸಂತ ಅಂಬ್ರೋಸರ ಬರಹದಲ್ಲಿಯೇ ಇದೆ.

ಅತ್ತೂರಿನಲ್ಲಿ ಮೊದಲ ಇಗರ್ಜಿ ಎದ್ದದ್ದು 1759ರಲ್ಲಿ. ಗೋವೆಯಿಂದ ದಕ್ಷಿಣಕ್ಕೆ ತಲೆಮಾರುಗಳ ಹಿಂದೆ ಬಂದು ಗದ್ದೆ ತೋಟ ಮಾಡಿಕೊಂಡಿದ್ದ ಕೊಂಕಣಿ ಒಕ್ಕಲುಗಳು ಕಟ್ಟಿಕೊಂಡದ್ದು. ಇಪ್ಪತ್ತೈದು ವರ್ಷಗಳ ಬಳಿಕ, 1784ರ ಫೆಬ್ರವರಿಯಲ್ಲಿ, ಎರಡನೆಯ ಮೈಸೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪುಸುಲ್ತಾನನು ಕೆನರಾದ ಕ್ರೈಸ್ತರನ್ನೆಲ್ಲ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಎಷ್ಟು ಜನರೆಂಬುದರಲ್ಲಿ ಇತಿಹಾಸಕಾರರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಹತ್ತಾರು ಸಾವಿರವೆಂಬುದರಲ್ಲಿ ಸಂದೇಹವಿಲ್ಲ. ಇಗರ್ಜಿಗಳನ್ನು ಕೆಡವಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಹದಿನೈದು ವರ್ಷಗಳಾದ ಮೇಲೆ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ, ಉಳಿದವರು ಮತ್ತೆ ಘಟ್ಟ ಇಳಿದರು. ಅದೇ ಯುದ್ಧಗಳ ಸರಣಿಯಲ್ಲಿಯೇ ಬಾರಾಮಹಲೂ ನಮ್ಮ ಹೊಸೂರೂ ಮೈಸೂರಿನಿಂದ ಕಳಚಿ ಕುಂಪಣಿಯ ಪಾಲಾಗಿ ಸೇಲಂ ಜಿಲ್ಲೆಗೆ ಸೇರಿದುವೆಂಬುದನ್ನು ವಾಚಕರು ನೆನೆಯಬಹುದು. ಒಂದು ಯುದ್ಧ ಅವರನ್ನು ಊರಿಗೆ ಮರಳಿಸಿತು. ನಮ್ಮನ್ನು, ಊರಿನಿಂದ ಕದಲಿಸದೆಯೇ, ಗಡಿಯ ಆಚೆಗೆ ಇರಿಸಿತು.

ಮರಳಿ ಬಂದವರ ಬಳಿ ಇದ್ದುದು ಮರದ ಚಿಕ್ಕ ಮೂರ್ತಿಯೊಂದು. ಇಗರ್ಜಿಗೆ ಜಾಗ ಹುಡುಕುತ್ತ ಪಾದ್ರಿಯೂ ಒಕ್ಕಲುಗಳೂ ಆ ಮೂರ್ತಿಯನ್ನು ಹೊತ್ತು ಸುತ್ತಿದರೆಂದೂ, ಪರ್ಪಲೆ ಗುಡ್ಡದ ಬುಡದಲ್ಲಿ, ನೀರಿನ ಒರತೆಯ ಬಳಿ ದಣಿವಾರಿಸಿಕೊಳ್ಳಲು ಇಳಿಸಿದಾಗ ಅದು ಮತ್ತೆ ಮೇಲೇಳಲಿಲ್ಲವೆಂದೂ ಐತಿಹ್ಯ. ಇಲ್ಲಿಯೇ ನಿನಗೆ ಮನೆ ಕಟ್ಟುತ್ತೇವೆಂದು ಮಾತು ಕೊಟ್ಟ ಮೇಲೆ ಹಗುರವಾಯಿತಂತೆ. ನಮ್ಮ ಕಡೆ ಎಷ್ಟು ಗುಡಿಗಳಿಗೆ ಇದೇ ಕಥೆಯಿಲ್ಲ! ಎಬ್ಬಿಸಲ್ಪಟ್ಟು ಬಂದ ಜನ 'ಇನ್ನು ಏಳಲಾರೆ' ಎಂದ ದೇವರನ್ನು ಕಂಡುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಒರತೆಯ ನೀರು ಈಗ ಪುಷ್ಕರಿಣಿಯೆಂಬ ಹೆಸರಿನ ಕೊಳ. ಇಗರ್ಜಿಗೆ ಪುಷ್ಕರಿಣಿ! ಭಕ್ತರು ಅದರ ನೀರನ್ನು ಕಣ್ಣಿಗೊತ್ತಿಕೊಂಡು ಶೀಷೆಗಳಲ್ಲಿ ತುಂಬಿಕೊಳ್ಳುತ್ತಾರೆ. ಉಡುಪಿ ಧರ್ಮಪ್ರಾಂತ್ಯವು 2012ರಲ್ಲಿ ಮಂಗಳೂರಿನಿಂದ ಬೇರೆಯಾದ ಮೇಲೆ ಅತ್ತೂರು ಅದಕ್ಕೆ ಸೇರಿತು. 2016ರಲ್ಲಿ ಪೋಪ್ ಫ್ರಾನ್ಸಿಸರು ಇದಕ್ಕೆ ಕಿರಿಯ ಬಸಿಲಿಕಾ ಎಂಬ ಗೌರವವನ್ನಿತ್ತರು. ಕರ್ನಾಟಕದಲ್ಲಿ ಅದಕ್ಕೆ ಮುಂಚೆ ಆ ಗೌರವವಿದ್ದುದು 1973ರಿಂದ ಬೆಂಗಳೂರಿನ ಶಿವಾಜಿನಗರದ ಸಂತ ಮೇರಿಯ ದೇವಾಲಯಕ್ಕೆ ಮಾತ್ರ.

ಸಂಜೆ ಐದಕ್ಕೆ ಸಾಲಿನಲ್ಲಿ ನಿಂತೆ. ತಂಗಿ ಒಂದು ಕಲ್ಲುಬೆಂಚಿನ ಮೇಲೆ ಕುಳಿತು ದೂರದಿಂದಲೇ ನನ್ನನ್ನು ಕಾಯುತ್ತಿದ್ದಳು, ಸಾಲು ತಪ್ಪಿಸಿ ಓಡಿಹೋಗುವೆನೋ ಎಂಬಂತೆ. ನನ್ನ ಮುಂದೆ ಬುರ್ಖಾ ಧರಿಸಿದ ತಾಯಿಯೊಬ್ಬರು, ಮಡಿಲಲ್ಲಿ ನಿದ್ರಿಸುವ ಮಗು. ಹಿಂದೆ ಕುಂಕುಮವಿಟ್ಟ ಮುದುಕಿ, ಕೈಯಲ್ಲಿ ಸೇವಂತಿಗೆಯ ಮಾಲೆ. ಮಾತು ತುಳುವಿನಲ್ಲಿ. ಕ್ರೈಸ್ತರಷ್ಟೇ ಬರುವ ಹಬ್ಬವಲ್ಲ ಇದೆಂದು ಕೇಳಿದ್ದೆ, ಕಂಡಾಗ ಸುಮ್ಮನಾದೆ. ಸಾಲಿನ ಆಚೆ ಜಾತ್ರೆಯ ಅಂಗಡಿಗಳು: ಬಳೆ, ಬಲೂನು, ಬತ್ತಾಸು, ಖರ್ಜೂರ, ಕಡಲೆ ಮಿಠಾಯಿ. ಡೆಂಕಣಿಕೋಟೆಯ ಬೆಟ್ಟರಾಯಸ್ವಾಮಿಯ ತೇರಿನಲ್ಲಿ ಕಾಣುವ ಅಂಗಡಿಗಳೇ ಚಕ್ರ ಕಟ್ಟಿಕೊಂಡು ಇಲ್ಲಿಗೆ ಬಂದಂತಿತ್ತು. ಮೊಂಬತ್ತಿ ಹಚ್ಚುವ ತಾಣಕ್ಕೆ ತಲುಪುವಾಗ ಎರಡು ಗಂಟೆ ಕಳೆದಿತ್ತು. ನೂರಾರು ಮೊಂಬತ್ತಿಗಳ ಬಿಸಿ ಮುಖಕ್ಕೆ ಹೊಡೆಯಿತು. ಕಟ್ಟು ಬಿಚ್ಚಿ ಒಂದೊಂದಾಗಿ ಹಚ್ಚತೊಡಗಿದೆ. ಕೈ ನಡುಗಿ ಎರಡು ಆರಿದುವು. ಮುಂದಿದ್ದ ಆ ತಾಯಿ ತಿರುಗಿ, ತನ್ನ ಮೊಂಬತ್ತಿಯಿಂದ ಅವೆರಡನ್ನೂ ಹಚ್ಚಿಕೊಟ್ಟರು. ಹನ್ನೆರಡರಲ್ಲಿ ಒಂದನ್ನು ಅರ್ಧ ಉರಿದಾಗ ಆರಿಸಿ ಮನೆಗೆ ತೆಗೆದುಕೊಂಡು ಹೋಗಬೇಕೆಂಬುದು ತಂಗಿಯ ಆಜ್ಞೆಯಾಗಿತ್ತು, ತೆಗೆದುಕೊಂಡೆ. ನಂಬಿಕೆಯ ವಿಷಯದಲ್ಲಿ ನನ್ನ ನಿಲುವು ಬದಲಾಯಿತೇ ಎಂದು ಕೇಳುವ ವಾಚಕರಿಗೆ ಉತ್ತರ: ಇಲ್ಲ. ನಲವತ್ತು ವರ್ಷ ಕರೆದರೂ ಬಾರದೆ ಇದ್ದುದಕ್ಕೆ ನಾಚಿಕೆಯಾಯಿತು, ಅಷ್ಟೇ.

ಸಂಜೆಯ ಪೂಜೆ ಕೊಂಕಣಿಯಲ್ಲಿ ನಡೆಯಿತು. ಐದು ದಿನಗಳಲ್ಲಿ ಹೆಚ್ಚಿನ ಪೂಜೆಗಳು ಕೊಂಕಣಿಯವು. ಕನ್ನಡದ ಪೂಜೆಗಳೂ ಇರುತ್ತವೆ. ಅಲ್ಲಿಯ ಕ್ರೈಸ್ತ ಮಕ್ಕಳು ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಈಗೀಗ ಇಂಗ್ಲಿಷು ಆಡುತ್ತಾರೆ. ಅವರ ಭಾಷೆಗೆ ರಾಜ್ಯ ದೂರದ ಗೋವೆಯಲ್ಲಿ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿದ್ದು 1992ರಷ್ಟು ತಡವಾಗಿ. ಆದರೆ ಅದಕ್ಕೆ ಎಷ್ಟೋ ಮೊದಲೇ ಅವರು ಪಕ್ಕದ ಮನೆಯ ಲಿಪಿಯನ್ನು ಕಡ ತಂದು ತಮ್ಮ ಮಾತನ್ನು ಬರೆದುಕೊಂಡಿದ್ದರು. ಮಂಗಳೂರಿನಿಂದ 1912ರಲ್ಲಿ 'ಕೊಂಕ್ಣಿ ದಿರ್ವೆಂ' ಹೊರಟಿತು, 1938ರಲ್ಲಿ 'ರಾಕ್ಣೊ' ವಾರಪತ್ರಿಕೆ ಹೊರಟಿತು. ಅವೆಲ್ಲ ಕನ್ನಡ ಲಿಪಿಯಲ್ಲಿಯೇ. ಇದನ್ನು ಹೇಳುವಾಗ ಎಲ್ಲ ಕಡೆಯೂ ಹೀಗೆಯೇ ಸೊಗಸಾಗಿ ಸಾಗಿದೆಯೆಂದು ಹೇಳುವುದು ಸುಳ್ಳಾದೀತು. 1960ರ ದಶಕದಲ್ಲಿ ಲ್ಯಾಟಿನ್ ಪೂಜೆ ಹೋಗಿ ಜನರ ಮಾತು ಬಂದ ಮೇಲೆ, ಬೆಂಗಳೂರಿನ ಧರ್ಮಪ್ರಾಂತ್ಯದಲ್ಲಿ ಯಾವ ಜನರ ಮಾತು ಎಂಬ ಜಗಳ ಕನ್ನಡ ತಮಿಳರ ನಡುವೆ ದಶಕಗಳ ಕಾಲ ನಡೆಯಿತು. ಲ್ಯಾಟಿನ್ ಯಾರಿಗೂ ಅರ್ಥವಾಗದೆ ಇದ್ದುದರಿಂದ ಯಾರಿಗೂ ಸಿಟ್ಟು ಬರುತ್ತಿರಲಿಲ್ಲವೆಂದು ಹಾಸ್ಯ ಮಾಡುವವರಿದ್ದಾರೆ. ನಮ್ಮ ಕಡೆಯ ಇಗರ್ಜಿಗಳ ಆಡಳಿತವೂ ಗಡಿಯಂತೆಯೇ ಸರಿದದ್ದು: 1930ರಲ್ಲಿ ಸೇಲಂ ಧರ್ಮಪ್ರಾಂತ್ಯವಾದಾಗ ಪಾಂಡಿಚೇರಿ, ಕುಂಭಕೋಣಗಳಿಂದ ಮಾತ್ರವಲ್ಲದೆ ಮೈಸೂರಿನಿಂದಲೂ ಭಾಗಗಳನ್ನು ತೆಗೆದು ಸೇರಿಸಿದರು, 1997ರಲ್ಲಿ ಅದರಿಂದ ಧರ್ಮಪುರಿ ಬೇರೆಯಾಯಿತು.

ಪೂಜೆಯ ಹೊತ್ತಿಗೆ ಒಬ್ಬ ಹುಡುಗ ಪ್ರಾರ್ಥನೆಯ ಹಾಳೆಯೊಂದನ್ನು ನನ್ನ ಕೈಗೂ ಕೊಟ್ಟ. ಕನ್ನಡ ಅಕ್ಷರಗಳು, ಕೊಂಕಣಿ ಮಾತು. ನಾನು ಸರಾಗವಾಗಿ, ಒಂದು ಒತ್ತಕ್ಷರವೂ ತಪ್ಪದಂತೆ ಓದಿದೆ. ಏನನ್ನು ಓದಿದೆನೆಂಬುದು ಮಾತ್ರ ಅರ್ಧಕ್ಕಿಂತ ಹೆಚ್ಚು ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳಿಗೆ ನಗು ಬಂದಿತು. "ತಾತಾ, ನಿಮಗೆ ಓದೋಕೆ ಬರುತ್ತೆ, ಅರ್ಥ ಆಗಲ್ಲ. ನನಗೆ ಅರ್ಥ ಆಗುತ್ತೆ, ಓದೋಕೆ ಬರಲ್ಲ" ಎಂದಳು. ಅಜ್ಜಿಯ ಪತ್ರ ಅವಳ ಮನಸ್ಸಿನಲ್ಲಿ ಇತ್ತೆಂದು ಆಗ ತಿಳಿಯಿತು. ಬೆಂಚಿನ ಮೇಲಿದ್ದ ತಂಗಿ, ಏನು ನಗು ಎಂದು ಕೇಳಿದಳು. ಹೇಳಿದೆ. ಆಕೆ ನಗಲಿಲ್ಲ. ಬಹಳ ಹೊತ್ತು ಬಿಟ್ಟು, "ಹಾಗಾದರೆ ನಾನು ಬರೆದದ್ದನ್ನೆಲ್ಲ ನೀನೇ ಓದಿ ಹೇಳುತ್ತಿದ್ದೆಯಾ? ನೀನಿಲ್ಲದಿದ್ದರೆ?" ಎಂದಳು.

ರಾತ್ರಿ ಬಾಯಮ್ಮನ ಮನೆಯಲ್ಲಿ ಊಟ. ಅವರು ಈಗಿಲ್ಲ, ಸೊಸೆ ಬಡಿಸಿದರು. ಇಡ್ಲಿಯ ಸೋದರಿಯಂತಿರುವ ಸಣ್ಣ ಎಂಬ ತಿನಿಸನ್ನೂ, ನಮಗೆಂದು ಬೇರೆಯಾಗಿ ಮಾಡಿದ ತರಕಾರಿಯ ಪಲ್ಯವನ್ನೂ ಇಟ್ಟರು. ನನ್ನೊಂದಿಗೆ ಕನ್ನಡದಲ್ಲಿ, ತಂಗಿಯೊಂದಿಗೆ ತುಳುವಿನಲ್ಲಿ, ಒಳಗಿನ ಮಗನೊಂದಿಗೆ ಕೊಂಕಣಿಯಲ್ಲಿ, ಎಲ್ಲಿಯೂ ತಡವರಿಸದೆ ಮಾತನಾಡುತ್ತಿದ್ದರು. ಮಗನಿಗೆ ಕೊಂಕಣಿ ಓದಲು ಬರುತ್ತದೆಯೇ ಎಂದು ನಾನು ಕೇಳಿದೆ. "ಇಂಗ್ಲಿಷ್ ಶಾಲೆ. ಆದರೆ ಭಾನುವಾರದ ದೊತೊರ್ನ್ ತರಗತಿಯಲ್ಲಿ ಪ್ರಾರ್ಥನೆ ಪುಸ್ತಕ ಓದಲೇಬೇಕಲ್ಲ, ಅದಕ್ಕಾಗಿ ಅಕ್ಷರ ಕಲಿತ" ಎಂದರು. ದೊತೊರ್ನ್ ಎಂದರೆ ಧರ್ಮಶಿಕ್ಷಣದ ಪಾಠವಂತೆ. ಆ ಹುಡುಗ ಕನ್ನಡ ಲಿಪಿಯನ್ನು ಕಲಿತದ್ದು ಕನ್ನಡಕ್ಕಾಗಿ ಅಲ್ಲ!

ಹೊಸೂರಿಗೆ ಹಿಂದಿರುಗಿದ ಮೇಲೆ ಅರ್ಧ ಮೊಂಬತ್ತಿಯನ್ನು ದೇವರ ಗೂಡಿನಲ್ಲಿಟ್ಟೆವು. ಒಂದು ರಾತ್ರಿ ವಿದ್ಯುತ್ತು ಹೋದಾಗ ಮನೆಯವಳು ಗೊತ್ತಿಲ್ಲದೆ ಅದನ್ನೇ ಹಚ್ಚಿಬಿಟ್ಟಳು. ಆ ಬೆಳಕಿನಲ್ಲಿ ಮೊಮ್ಮಗಳು ಪ್ರಾರ್ಥನೆಯ ಹಾಳೆಯನ್ನು ಹಿಡಿದು ನನ್ನ ಪಕ್ಕಕ್ಕೆ ಬಂದು ಕುಳಿತು, ಮೊದಲ ಅಕ್ಷರ ಯಾವುದೆಂದು ಕೇಳಿದಳು. ಅದಾದ ಮೇಲೆ ಪ್ರತಿ ಭಾನುವಾರವೂ ಅರ್ಧ ಗಂಟೆ ಕುಳಿತುಕೊಳ್ಳುತ್ತೇವೆ. ಶಿವರಾತ್ರಿಯ ಹೊತ್ತಿಗೆ ಟವರ್ಗಕ್ಕೆ ಬಂದಿದ್ದೇವೆ. 'ಣ'ಕಾರ ಅವಳ ಕೈಯಲ್ಲಿ ಇನ್ನೂ ಸುತ್ತಿಕೊಳ್ಳುತ್ತಿಲ್ಲ. ತಂಗಿಯ ಪತ್ರಕ್ಕೆ ನಾನು ಉತ್ತರ ಬರೆದಿಲ್ಲ. ಅದನ್ನು ತಾನೇ ಬರೆಯುವುದಾಗಿ ಅವಳು ಹೇಳಿದ್ದಾಳೆ.